ಎಳೆ ಹುಡುಕುವ ಬೆರಳು

ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದವರಿಗೆ ರಾಮನಗರ ಬಂತೆಂದು ತಿಳಿಯಲು ಬೋರ್ಡು ಬೇಕಿರಲಿಲ್ಲ. ಗೂಡು ಬೇಯಿಸುವ ವಾಸನೆ ಕಿಟಕಿಯಿಂದ ತಾನಾಗಿ ಒಳಬರುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು, ದೊಡ್ಡವರು ಕಿಟಕಿ ಎಳೆಯುತ್ತಿದ್ದರು. ಅದೇ ಬಸ್ಸಿನಲ್ಲಿ ಮದುವೆಗೆ ಹೊರಟ ನಾಲ್ಕಾರು ರೇಷ್ಮೆ ಸೀರೆಗಳೂ ಇರುತ್ತಿದ್ದವು! 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ರಾಮನಗರ, ಚನ್ನಪಟ್ಟಣ ಎರಡೂ ಪಕ್ಕಕ್ಕೆ ಉಳಿದವು. ವಾಸನೆಯೂ ಅಲ್ಲೇ ಉಳಿಯಿತು. ಈಗ ಬೇಗ ಮುಟ್ಟುತ್ತೇವೆ, ಯಾರ ಮನೆಯ ಮುಂದೆ ಹಾದು ಬಂದೆವೆಂಬುದು ಮಾತ್ರ ಗೊತ್ತಾಗುವುದಿಲ್ಲ.

ಆ ವಾಸನೆಯ ಜಾಡು ಹಿಡಿದು ಯಾವುದಾದರೂ ಬಿಚ್ಚಣಿಕೆ ಘಟಕದೊಳಗೆ ಹೋದರೆ ಕೆಲಸ ಮೇಲ್ನೋಟಕ್ಕೆ ಸುಲಭವೆನಿಸುತ್ತದೆ. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಮುಂದೆ ಕೂತ ಹೆಂಗಸು ಅವುಗಳ ಮೇಲೆ ಕೈಯಾಡಿಸಿ, ಹೊರಗಿನ ಸಿಕ್ಕುಸಿಕ್ಕಾದ ಪದರವನ್ನು ಕಿತ್ತು, ಒಳಗಿನ ಸರಿಯಾದ ಎಳೆಯ ತುದಿಯನ್ನು ಹುಡುಕಿ ತೆಗೆಯುತ್ತಾಳೆ. ಎಂಟೋ ಹತ್ತೋ ಗೂಡುಗಳ ಎಳೆ ಸೇರಿದರೆ ಒಂದು ನೂಲು. ನಡುವೆ ಒಂದು ಗೂಡು ಮುಗಿದುಹೋದರೆ ನೂಲು ಅಷ್ಟರಮಟ್ಟಿಗೆ ತೆಳುವಾಗುತ್ತದೆ. ಆದ್ದರಿಂದ ತಿರುಗುತ್ತಿರುವಾಗಲೇ ಇನ್ನೊಂದು ಗೂಡಿನ ತುದಿಯನ್ನು ಬೆರಳಿನಿಂದ ಚಿಮ್ಮಿ ಸೇರಿಸಬೇಕು. ಒಂದೊಂದು ಎಳೆಯ ದಪ್ಪ ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು. ಅದು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ.

ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ. ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳಿಂದ ಬೆಳಗಿನ ಹೊತ್ತಿಗೇ ಗೂಡು ಬಂದು ಬೀಳುತ್ತದೆ. ಪಕ್ಕದ ರಾಜ್ಯಗಳಿಂದಲೂ ಬರುವುದುಂಟು. ಹರಾಜಿಗೆ ಮೊದಲು, ನೂಲು ಬಿಚ್ಚಿಸುವ ರೀಲರು ಲಾಟಿನಿಂದ ಒಂದು ಹಿಡಿ ಗೂಡು ತೆಗೆದು ಅದುಮಿ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿ, ಚನ್ನಪಟ್ಟಣದಲ್ಲಿ ಪ್ರಯೋಗದ ಫಾರಂ ಮಾಡಿಸಿತು. ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ವಿಜ್ಞಾನವಿರಬೇಕೆಂಬ ಬುದ್ಧಿ ಈ ಭಾಗಕ್ಕೆ ಹೊಸದೇನಲ್ಲ.

ಪದಾರ್ಥಗಳನ್ನು ಅಧ್ಯಯನ ಮಾಡುವ ವಿಜ್ಞಾನಿಗೆ ರೇಷ್ಮೆಯ ಎಳೆಯೆಂದರೆ ಒಂದು ಪಾಲಿಮರ್. ಚಿಕ್ಕ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲು ಉದ್ದದ ಸರಪಳಿಯಾದರೆ ಅದು ಪಾಲಿಮರ್. ಜರ್ಮನಿಯ ಹೆರ್ಮನ್ ಸ್ಟೌಡಿಂಗರ್ 1920ರಲ್ಲಿ ಈ ಮಾತನ್ನು ಹೇಳಿದಾಗ ಅನೇಕ ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಅಷ್ಟು ದೊಡ್ಡ ಅಣು ಇರುವುದು ಸಾಧ್ಯವೇ ಎಂದು ಅವರ ತಕರಾರು. 1953ರಲ್ಲಿ ಅದಕ್ಕೇ ನೊಬೆಲ್ ಬಂತು. ಪಾಲಿಮರ್ ಎಂದೊಡನೆ ನಮಗೆ ನೆನಪಾಗುವುದು ಪ್ಲಾಸ್ಟಿಕ್ ಕೊಡ, ಕ್ಯಾರಿಬ್ಯಾಗು. ಆದರೆ ಹತ್ತಿ, ಉಣ್ಣೆ, ನಮ್ಮ ತಲೆಗೂದಲು ಎಲ್ಲವೂ ಅದೇ ಕುಲ. ಚನ್ನಪಟ್ಟಣದ ಗೊಂಬೆಯ ಹೊಳಪೂ ಅಷ್ಟೆ: ಅರಗಿನ ಹುಳು ಮರದ ಕೊಂಬೆಯ ಮೇಲೆ ಒಸರಿಸಿದ ರಾಳವದು. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಶಾಖಕ್ಕೇ ಕರಗಿ ಮರಕ್ಕೆ ಹತ್ತುತ್ತದೆ. ಹತ್ತು ಹನ್ನೆರಡು ಕಿಲೋಮೀಟರು ಅಂತರದ ಎರಡು ಊರುಗಳು ಎರಡು ಹುಳುಗಳ ಪಾಲಿಮರನ್ನು ನಂಬಿ ಸಂಸಾರ ನಡೆಸಿಕೊಂಡು ಬಂದಿವೆ.

ರೇಷ್ಮೆಹುಳುವಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಐದನೆಯ ಹಂತದಲ್ಲಿ ಹಗಲು ರಾತ್ರಿ ಸೊಪ್ಪು ಮೇಯ್ದ ಹುಳು ಒಂದು ದಿನ ಮೇವು ಬಿಡುತ್ತದೆ. ಮೈ ಬೆಳಕು ಹಾಯುವಂತಾಗುತ್ತದೆ. ಹುಳು ಹಣ್ಣಾಯಿತು ಎಂದು ಮನೆಯವರೆಲ್ಲ ಸೇರಿ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಆ ಹೊತ್ತಿಗೆ ಅದರ ಗ್ರಂಥಿಯಲ್ಲಿರುವುದು ನೂಲಲ್ಲ, ಮುಕ್ಕಾಲು ಪಾಲು ನೀರೇ ಆಗಿರುವ ಪ್ರೋಟೀನಿನ ಗೋಂದು. ಬಾಯಿಯ ಕಡೆಗೆ ಹರಿಯುತ್ತ ನಾಳ ಕಿರಿದಾಗುತ್ತದೆ, ನೀರು ಹೀರಿಹೋಗುತ್ತದೆ, ದ್ರವ ತುಸು ಆಮ್ಲೀಯವಾಗುತ್ತದೆ, ಅಡ್ಡಾದಿಡ್ಡಿಯಾಗಿದ್ದ ಸರಪಳಿಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಹುಳು ಎಳೆಯ ತುದಿಯನ್ನು ಚಂದ್ರಿಕೆಗೆ ಅಂಟಿಸಿ, ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದಾಗಲೇ ಅದು ಗಟ್ಟಿಯಾಗುವುದು. ಬೆಂಕಿಯಿಲ್ಲ, ಸುಡುವ ರಾಸಾಯನಿಕವಿಲ್ಲ. ನಮ್ಮ ನಡುಮನೆಯ ಶಾಖದಲ್ಲೇ, ಎರಡು ಮೂರು ದಿನದಲ್ಲಿ, ದ್ವಿತಳಿಯ ಗೂಡಾದರೆ ಸುಮಾರು ಒಂದು ಕಿಲೋಮೀಟರು ಉದ್ದದ ಅಖಂಡ ಎಳೆ.

ಚೀನಾದ ಶಾವೊ ಮತ್ತು ಇಂಗ್ಲೆಂಡಿನ ವೊಲ್ರಾತ್ ಎಂಬ ವಿಜ್ಞಾನಿಗಳು 2002ರಲ್ಲಿ ಒಂದು ತಮಾಷೆಯ ಸಂಗತಿ ಪ್ರಕಟಿಸಿದರು. ಹುಳುವಿನ ಇಷ್ಟಕ್ಕೆ ಬಿಡದೆ ಅದರ ಬಾಯಿಯಿಂದ ಎಳೆಯನ್ನು ಒಂದೇ ವೇಗದಲ್ಲಿ ಯಂತ್ರದಿಂದ ಎಳೆದರೆ, ಗೂಡಿನ ರೇಷ್ಮೆಗಿಂತ ಬಲವಾದ ರೇಷ್ಮೆ ಬರುತ್ತದೆ; ಜೇಡನ ನೂಲಿಗೆ ಸರಿಸಮ ಎನ್ನಬಹುದಾದಷ್ಟು. ವೇಗ ಹೆಚ್ಚಿಸಿದರೆ ಗಟ್ಟಿತನ ಹೆಚ್ಚುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಬೇಕೆಂದರೆ ಹುಳುವೂ ಒಪ್ಪುವುದಿಲ್ಲ.

ಮನುಷ್ಯ ಕೃತಕ ನೂಲು ಮಾಡಲು ಹೊರಟಾಗ ಮೊದಲು ಹಿಡಿದದ್ದು ಒತ್ತುವ ದಾರಿ. ನೈಲಾನಿರಲಿ, ಪಾಲಿಯೆಸ್ಟರಿರಲಿ, ಶಾವಿಗೆ ಒರಳಿನ ಹಾಗೆ ಸಣ್ಣ ತೂತುಗಳಿಂದ ಒತ್ತಿ ಹೊರಡಿಸಿ, ಆಮೇಲೆ ಎಳೆದು ಬಿಗಿ ಮಾಡುತ್ತಾರೆ. ಶಾವಿಗೆ ಒತ್ತಿದ ನಮ್ಮ ಮನೆಯ ಹೆಂಗಸರಿಗೆ ಗೊತ್ತು, ತೂತು ಎಷ್ಟು ಸಣ್ಣದಾದರೆ ತೋಳಿಗೆ ಅಷ್ಟು ನೋವು. ಒಂದು ಮಿತಿಗಿಂತ ಸಣ್ಣ ಎಳೆಯನ್ನು ಒತ್ತಿ ತೆಗೆಯಲಾಗುವುದಿಲ್ಲ. ಅಲ್ಲಿಂದ ಮುಂದೆ ಎಳೆಯುವವರು ಬೇಕು, ಎಲೆಕ್ಟ್ರೋಸ್ಪಿನ್ನಿಂಗ್ ವಿಧಾನದಲ್ಲಿ ಎಳೆಯುವುದು ವಿದ್ಯುತ್ತು.

ಉಪಕರಣ ನೋಡಲು ಏನೇನೂ ಇಲ್ಲ. ಇಂಜೆಕ್ಷನ್ ಕೊಡುವಂಥದೇ ಸಿರಿಂಜಿನಲ್ಲಿ ಪಾಲಿಮರಿನ ದ್ರಾವಣ. ಅದನ್ನು ಮೆಲ್ಲಗೆ ತಳ್ಳುವ ಪಂಪು; ಗಂಟೆಗೆ ಒಂದು ಮಿಲಿಲೀಟರಿನ ಆಸುಪಾಸು. ಸೂಜಿಗೆ ಹತ್ತು, ಇಪ್ಪತ್ತು ಸಾವಿರ ವೋಲ್ಟಿನ ತಂತಿ. ಒಂದು ಗೇಣು ದೂರದಲ್ಲಿ ಅಲ್ಯೂಮಿನಿಯಂ ಹಾಳೆ. ಸೂಜಿಯ ಮೊನೆಯಲ್ಲಿ ಹನಿಯೊಂದು ಗುಂಡಗೆ ನಿಂತಿರುತ್ತದೆ. ವೋಲ್ಟೇಜು ಏರಿದಂತೆ ಅದು ಮೊನಚಾಗಿ ಶಂಕುವಾಗುತ್ತದೆ. ಈ ಶಂಕುವಿನ ಲೆಕ್ಕವನ್ನು 1964ರಲ್ಲಿ ಜೆಫ್ರಿ ಟೇಲರ್ ಎಂಬ ಆಂಗ್ಲ ವಿಜ್ಞಾನಿ ಬಿಡಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಶಂಕುವಿನ ತುದಿಯಿಂದ ಸಣ್ಣ ಧಾರೆಯೊಂದು ಚಿಮ್ಮಿ, ಗಾಳಿಯಲ್ಲಿ ಚಾಟಿ ಬೀಸಿದಂತೆ ಸುಳಿದು, ಸುಳಿದಷ್ಟೂ ಸಣ್ಣಗಾಗಿ, ದ್ರಾವಕವೆಲ್ಲ ಆರಿಹೋಗಿ ಹಾಳೆಯನ್ನು ಸೇರುತ್ತದೆ. ನೋಡುವವರಿಗೆ ಎಳೆ ಕಾಣುವುದೇ ಇಲ್ಲ. ಹಾಳೆಯ ಮೇಲೆ ಬೆಳ್ಳನೆಯ ಪೊರೆ ಕಟ್ಟುತ್ತಾ ಹೋಗುವುದು ಮಾತ್ರ ಕಾಣುತ್ತದೆ. ಆ ಪೊರೆಯ ಎಳೆ ಗೂಡಿನ ಎಳೆಗಿಂತ ಐವತ್ತು, ನೂರು ಪಟ್ಟು ಸಣ್ಣದು. 1934ರಷ್ಟು ಹಿಂದೆಯೇ ಆಂಟನ್ ಫಾರ್ಮ್‌ಹಾಲ್ಸ್ ಎಂಬುವರು ಇದಕ್ಕೆ ಪೇಟೆಂಟ್ ಪಡೆದಿದ್ದರೂ, ಪ್ರಯೋಗಶಾಲೆಗಳಲ್ಲಿ ಇದರ ಹುಚ್ಚು ಹಬ್ಬಿದ್ದು 1990ರ ದಶಕದಲ್ಲಿ, ಅಮೆರಿಕದ ಆಕ್ರನ್ ವಿಶ್ವವಿದ್ಯಾಲಯದ ಡ್ಯಾರೆಲ್ ರೆನೆಕರ್ ಮತ್ತು ಸಂಗಡಿಗರ ಕೆಲಸದಿಂದ.

ಮಳೆಗಾಲ ಬಂತೆಂದರೆ ಹೀಗೆ ನೂಲುವ ವಿಜ್ಞಾನಿಗೆ ತಲೆನೋವು. ಗಾಳಿಯಲ್ಲಿ ತೇವ ಹೆಚ್ಚಾದರೆ ಎಳೆ ಸರಿಯಾಗಿ ಆರದೆ ಒಂದಕ್ಕೊಂದು ಅಂಟುತ್ತದೆ, ಇಲ್ಲವೆ ಮಣಿ ಪೋಣಿಸಿದಂತೆ ಗಂಟು ಬೀಳುತ್ತದೆ. ಕನಕಪುರದ ರೈತನನ್ನು ಕೇಳಿ, ಅವನದೂ ಅದೇ ಗೋಳು. ಚಂದ್ರಿಕೆಗೆ ಬಿಟ್ಟ ಮೇಲೆ ಗಾಳಿಯಾಡದೆ ತೇವ ಕೂತರೆ ಗೂಡಿನ ಅಂಟು ಸರಿಯಾಗಿ ಆರುವುದಿಲ್ಲ, ಬಿಚ್ಚುವಾಗ ಎಳೆ ಹೆಜ್ಜೆಹೆಜ್ಜೆಗೂ ಕಡಿಯುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಅದಕ್ಕೇ ಅವನು ಹುಳುಮನೆಯ ಕಿಟಕಿ ತೆರೆದಿಡುತ್ತಾನೆ. ಒಬ್ಬ ವಾತಾನುಕೂಲಿ ಕೋಣೆಯಲ್ಲಿ, ಇನ್ನೊಬ್ಬ ಹೆಂಚಿನ ಮನೆಯಲ್ಲಿ, ಇಬ್ಬರೂ ಕಾಯುವುದು ಎಳೆ ಆರುವುದನ್ನೇ.

ಹುಳುವಿನ ದಾರಿ, ವಿದ್ಯುತ್ತಿನ ದಾರಿ ಎರಡೂ ಕೂಡಿದ್ದೂ ಉಂಟು. 2002ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲನ್ ಅವರ ತಂಡ ರೇಷ್ಮೆಯ ಪ್ರೋಟೀನನ್ನೇ ನೀರಿನಲ್ಲಿ ಕರಗಿಸಿ, ಇನ್ನೊಂದು ಪಾಲಿಮರನ್ನು ಬೆರೆಸಿ, ವಿದ್ಯುತ್ತಿನಿಂದ ನೂತಿತು. ಅದಕ್ಕೆ ಮೊದಲು ಗೂಡನ್ನು ಕತ್ತರಿಸಿ, ವಾಷಿಂಗ್ ಸೋಡಾದ ನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆಯಬೇಕು. ಉಳಿದ ಫೈಬ್ರೋಯಿನ್ ಎಂಬ ಪ್ರೋಟೀನನ್ನು ಲಿಥಿಯಂ ಬ್ರೋಮೈಡಿನ ಗಾಢ ದ್ರಾವಣದಲ್ಲಿ ಕರಗಿಸಿ, ಆಮೇಲೆ ಆ ಉಪ್ಪನ್ನು ಸೋಸಿ ಹೊರಹಾಕಬೇಕು. ಹುಳು ಅಷ್ಟು ಶ್ರಮಪಟ್ಟು ಗಟ್ಟಿ ಮಾಡಿದ್ದನ್ನು ದ್ರವ ಮಾಡುವುದು, ದ್ರವವಾದದ್ದನ್ನು ಸಾವಿರಾರು ವೋಲ್ಟು ಹಾಕಿ ಮತ್ತೆ ಎಳೆ ಮಾಡುವುದು. ಇದೇನು ಮಾಡಲು ಕೆಲಸವಿಲ್ಲದವರ ಕೆಲಸ ಎಂದು ನಮ್ಮ ಅಜ್ಜಿಯರು ಕೇಳಿಯೇ ಕೇಳುತ್ತಿದ್ದರು.

ಕಾರಣವಿದೆ. ನಮ್ಮ ಚರ್ಮದ ಒಳಗೆ ಜೀವಕೋಶಗಳು ಕೂತಿರುವುದು ಇಷ್ಟೇ ಸಣ್ಣ ಎಳೆಗಳ ಜಾಲದ ಮೇಲೆ. ಸುಟ್ಟ ಗಾಯದಲ್ಲಿ ಆ ಜಾಲ ಹಾಳಾಗಿರುತ್ತದೆ. ಅದೇ ಅಳತೆಯ ಎಳೆಗಳ ಪೊರೆಯನ್ನು ಗಾಯದ ಮೇಲೆ ಹಾಸಿದರೆ ಕೋಶಗಳಿಗೆ ಹಿಡಿದು ಹತ್ತಲು ಒಂದು ಅಟ್ಟಣೆ ಸಿಗುತ್ತದೆ. ಗಾಳಿಯಾಡುತ್ತದೆ, ಧೂಳು ಕೀಟಾಣು ಒಳಹೋಗುವುದು ಕಷ್ಟವಾಗುತ್ತದೆ. ಅಂಟು ತೆಗೆದ ರೇಷ್ಮೆಯನ್ನು ದೇಹ ಸಹಿಸಿಕೊಳ್ಳುತ್ತದೆ ಎಂಬುದು ಶಸ್ತ್ರವೈದ್ಯರಿಗೆ ಹಳೆಯ ವಿಷಯ. ಹೊಲಿಗೆಗೆ ರೇಷ್ಮೆ ನೂಲನ್ನು ಅವರು ಬಹುಕಾಲದಿಂದ ಬಳಸಿದ್ದಾರೆ. ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿ ತಯಾರಿಸುವ ಫೈಬ್ರೋಹೀಲ್ ಎಂಬ ಕಂಪನಿ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪದಾರ್ಥ ವಿಭಾಗದಲ್ಲಿ ಪಾಲಿಮರ್ ಪೊರೆಗಳ ಮೇಲೆ, ದೇಹಕ್ಕೆ ಹೊಂದುವ ಪಾಲಿಮರ್‌ಗಳ ಮೇಲೆ ಕೆಲಸ ಸಾಗಿದೆ. ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಂತೂ ಕನಕಪುರ ರಸ್ತೆಯ ತಲಘಟ್ಟಪುರದಲ್ಲೇ ಇದೆ.

ರೇಷ್ಮೆಯನ್ನು ಕರಗಿಸಿ ನೂಲುವ ಈ ವಿದ್ಯೆಯಲ್ಲಿ ನನಗೆ ಹಿಡಿಸಿದ ಇನ್ನೊಂದು ಗುಣ: ಇಲ್ಲಿ ಅಖಂಡ ಎಳೆ ಬೇಕಿಲ್ಲ. ಚಿಟ್ಟೆ ತೂತು ಮಾಡಿ ಹೊರಬಂದ ಬಿತ್ತನೆ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಊಜಿ ನೊಣ ಕೊರೆದ ಗೂಡು, ಇವನ್ನು ರೀಲರು ಬದಿಗೆ ಸರಿಸುತ್ತಾನೆ. ಅಂಥ ತ್ಯಾಜ್ಯದಿಂದಲೇ ನೂಲು ತೆಗೆಯಲೆಂದು ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ನಿಂತಿತು. ಹೇಗೂ ಕರಗಿಸಿಬಿಡುವ ಪ್ರಯೋಗಶಾಲೆಗೆ ಗೂಡು ತೂತಾಗಿದ್ದರೇನು, ಇಡಿಯಾಗಿದ್ದರೇನು? ಇನ್ನು ಸೆರಿಸಿನ್. ಗೂಡಿನ ಚಿಪ್ಪಿನ ತೂಕದಲ್ಲಿ ಸುಮಾರು ಕಾಲುಭಾಗ ಅದು. ಬೇಯಿಸುವಾಗ ಸ್ವಲ್ಪ, ಬಣ್ಣಕ್ಕೆ ಹಾಕುವ ಮುನ್ನ ಸೋಪಿನ ನೀರಿನಲ್ಲಿ ಉಳಿದದ್ದು ಕರಗಿ ಚರಂಡಿ ಸೇರುತ್ತದೆ. ಬಿಚ್ಚಣಿಕೆಯ ನೀರು ರಾಮನಗರದ ಅರ್ಕಾವತಿಗೆ ಇಳಿದು, ಕನಕಪುರದ ಕಡೆ ಹರಿದು, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಅದೇ ಸೆರಿಸಿನ್ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೆ ಈಗ ಹೆಮ್ಮೆಯ ಹೆಸರು! ಹಿಡಿದಿಟ್ಟರೆ ಹಣ, ಬಿಟ್ಟರೆ ಹೊಳೆಗೆ ಹೊಲಸು. ಇದಕ್ಕೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಸಣ್ಣ ಘಟಕದವನ ಕೈಗೆಟುಕುವ ಒಂದು ಸೋಸುವ ಏರ್ಪಾಡು ಬೇಕು.

ಹೀಗೆ ಗಾಯ ಮಾಯಿಸುವ ರೇಷ್ಮೆಯ ಕಥೆ ಓದುವಾಗೆಲ್ಲ ನನಗೆ ಆ ಬಿಸಿನೀರಿನಲ್ಲಿರುವ ಕೈಯೇ ಕಣ್ಣ ಮುಂದೆ ಬರುತ್ತದೆ. ದಿನವಿಡೀ ನೀರಿನಲ್ಲಿ ನೆನೆದ ಬೆರಳು ಬಿಳಿಚಿಕೊಂಡು ಸುಕ್ಕಾಗುತ್ತದೆ. ಚರ್ಮ ಸುಲಿಯುತ್ತದೆ, ಬೊಬ್ಬೆ ಏಳುತ್ತದೆ, ಉಗುರಿನ ಸಂದು ಕೀವು ಕಟ್ಟುತ್ತದೆ. ರೀಲಿಂಗ್ ಕೆಲಸದವರ ಈ ಚರ್ಮದ ತೊಂದರೆ ಗುಟ್ಟೇನಲ್ಲ. ರಾತ್ರಿ ಅದೇ ಕೈಯಲ್ಲಿ ಖಾರ ಅರೆಯಬೇಕು, ಮುದ್ದೆ ಕಟ್ಟಬೇಕು. ಕೈಗವಸು ಹಾಕಿಕೊಳ್ಳಬಾರದೇ ಎಂದು ಹೊರಗಿನವರು ಸಲೀಸಾಗಿ ಕೇಳುತ್ತೇವೆ. ರಬ್ಬರಿನ ಗವಸು ಹಾಕಿದ ಬೆರಳಿಗೆ ಎಳೆಯ ತುದಿ ತಿಳಿಯುವುದಿಲ್ಲ, ತಿಳಿಯದಿದ್ದರೆ ನೂಲು ಬರುವುದಿಲ್ಲ, ನೂಲು ಬರದಿದ್ದರೆ ಆ ದಿನದ ಕೂಲಿ ಎಲ್ಲಿಂದ? ಸ್ವಯಂಚಾಲಿತ ಯಂತ್ರಗಳು ಬಂದಿವೆ, ಬಂದ ಕಡೆ ಕೈಗೆ ಸ್ವಲ್ಪ ಬಿಡುವೂ ಸಿಕ್ಕಿದೆ. ಆದರೆ ಅವುಗಳ ಬೆಲೆ ಚರಕ, ಕಾಟೇಜ್ ಬೇಸಿನ್‌ನಂಥ ಸಣ್ಣ ಬಿಚ್ಚಣಿಕೆ ಸಾಧನ ಇಟ್ಟುಕೊಂಡ ಮನೆಯವರಿಗೆ ಎಟುಕುವಂಥದಲ್ಲ.

ಸೀರೆ ಕೊಳ್ಳುವಾಗ ನಾವು ಸಿಲ್ಕ್ ಮಾರ್ಕಿನ ಚೀಟಿ ಹುಡುಕುತ್ತೇವೆ. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ತಂದ ಒಳ್ಳೆಯ ವ್ಯವಸ್ಥೆ ಅದು. ನೂಲು ಅಪ್ಪಟವೇ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ನೂಲು ತೆಗೆದ ಕೈ ಹೇಗಿತ್ತು ಎಂದು ಹೇಳುವ ಚೀಟಿ ಇನ್ನೂ ಬಂದಿಲ್ಲ. ಗೃಹಸ್ಥರಾದ ನಮಗೆ ಅಂಗಡಿಯವನ ಹತ್ತಿರ ಬಣ್ಣ ಹೋಗುತ್ತದೆಯೇ, ಜರಿ ಕಪ್ಪಾಗುತ್ತದೆಯೇ ಎಂದು ಹತ್ತು ಸಲ ಕೇಳುವ ಬಾಯಿ ಇದೆಯಷ್ಟೆ? ಈ ನೂಲು ಯಾವ ಘಟಕದ್ದು, ಅಲ್ಲಿ ಕೆಲಸದವರ ಕೈಗೆ ಏನು ಏರ್ಪಾಡು ಎಂದು ಹನ್ನೊಂದನೆಯ ಸಲ ಕೇಳಿದರೆ ಅವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ನೂರು ಮಂದಿ ಕೇಳಿದರೆ ಅವನು ತಿಳಿದುಕೊಂಡು ಬರುತ್ತಾನೆ. ವ್ಯಾಪಾರದವನಿಗೆ ಗಿರಾಕಿಯ ಪ್ರಶ್ನೆ ತಮಾಷೆಯಲ್ಲ.

ವಿಜ್ಞಾನಿಗಳ ಪಾಲಿಗೂ ಇಲ್ಲಿ ಒಂದು ಕೆಲಸ ಕಾದಿದೆ ಎಂದು ನನ್ನ ಭಾವನೆ. ನೀರನ್ನು ಒಳಬಿಡದೆ ಬೆವರನ್ನು ಹೊರಬಿಡುವ ತೆಳು ಪೊರೆಗಳನ್ನು ಪಾಲಿಯುರೆಥೇನಿನಂಥ ಹಿಗ್ಗುವ ಪಾಲಿಮರಿನಿಂದ ಇದೇ ವಿದ್ಯುತ್ ನೂಲುವ ವಿಧಾನದಲ್ಲಿ ಈಗಾಗಲೇ ಮಾಡುತ್ತಾರೆ. ಮಳೆಯಂಗಿಯಂಥ ಉಡುಪಿಗೆ ಅವು ಹೊಂದುತ್ತವೆ. ಅಂಥದೇ ಪೊರೆಯಿಂದ ಬೆರಳ ತುದಿಗೊಂದು ಕವಚ ಬರಬಹುದೇ? ಬಿಸಿನೀರಿಗೆ ಹೆದರದೆ, ಒಳಗೆ ಬೆವೆತು ಕೊಳೆಯದೆ, ಎಳೆಯ ತುದಿ ಮುಟ್ಟಿದರೆ ಬೆರಳಿಗೆ ತಿಳಿಯುವಂತೆ? ಸುಲಭದ್ದಲ್ಲ. ಪೊರೆ ತೆಳುವಾದರೆ ಹರಿಯುತ್ತದೆ, ದಪ್ಪವಾದರೆ ಸ್ಪರ್ಶ ಹೋಗುತ್ತದೆ. ಆದರೆ ಕಣ್ಣಿಗೆ ಕಾಣದ ಎಳೆಯನ್ನು ಗಾಳಿಯಲ್ಲಿ ಸುಳಿಸಿ ಹಾಸಬಲ್ಲವರಿಗೆ ಇದು ಅಸಾಧ್ಯವೂ ಅಲ್ಲ, ಕೀಳು ಕೆಲಸವೂ ಅಲ್ಲ. ಸುಟ್ಟ ಗಾಯಕ್ಕೆ ಪಟ್ಟಿ ಮಾಡುವ ವಿದ್ಯೆ, ಕೈ ಬೇಯದ ಹಾಗೆ ನೋಡಿಕೊಳ್ಳುವ ವಿದ್ಯೆಯೂ ಆಗಬಹುದು.

ಬೆಂಗಳೂರಿನ ಪ್ರಯೋಗಶಾಲೆಯಿಂದ ರಾಮನಗರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರು. ಯಾರಾದರೂ ಅಂಥ ಮಾದರಿಯೊಂದನ್ನು ಹಿಡಿದು ಹೆದ್ದಾರಿಯಿಂದ ಕೆಳಗಿಳಿದು ಬಂದರೆ, ತೊಟ್ಟಿಯ ಮುಂದೆ ಕೂತವಳು ಹಾಕಿಕೊಂಡು ನೋಡಿ ಮೊದಲು ಕೇಳುವುದು ಎಳೆಯ ನ್ಯಾನೋಮೀಟರ್ ಎಷ್ಟೆಂದಲ್ಲ. ಒಂದು ಜೊತೆಗೆ ಎಷ್ಟು ರೂಪಾಯಿ, ಎಷ್ಟು ದಿನ ಬಾಳಿಕೆ ಬರುತ್ತೆ, ಹರಿದರೆ ಇಲ್ಲೇ ಪೇಟೆಯಲ್ಲಿ ಸಿಗುತ್ತಾ?